ಐದು ರೂಪಾಯಿಯ ಕಾರ್ಡು, ಐವತ್ತು ಸೆಂಟಿನ ವಿಮೆ

ಸದಲಗಾದಲ್ಲಿ ಯಾರಾದರೂ ಜೋರಾಗಿ ಹಾಸಿಗೆ ಹಿಡಿದರೆ ಮನೆಯವರ ಮೊದಲ ಪ್ರಶ್ನೆ ಖರ್ಚಿನದಲ್ಲ. "ಮಿರಜಕ್ಕ ಒಯ್ಯೂನೋ, ಬೆಳಗಾವಿಗಿ ಒಯ್ಯೂನೋ?" ಖರ್ಚಿನ ಮಾತು ಗಾಡಿ ಹತ್ತಿದ ಮೇಲೆ ಬರುತ್ತದೆ. ಯಾರಿಗೆ ಫೋನ್ ಮಾಡುವುದು, ಯಾರ ಹತ್ತಿರ ಕೈಗಡ ಕೇಳುವುದು, ಕಾರ್ಡ್ ಎಲ್ಲಿಟ್ಟಿದ್ದೇವೆ ಅಂತ.

ಈ ಕಾರ್ಡಿನ ಕಥೆ ಬರೆಯಬೇಕೆಂದು ನಾವು ಬಹಳ ದಿನದಿಂದ ಅಂದುಕೊಂಡಿದ್ದೆವು. ಬರೆಯಲು ಕುಳಿತಾಗ ಅದು ಅಮೆರಿಕದವರೆಗೂ ಹೋಯಿತು. ಬೇಕೆಂದು ಎಳೆದು ತಂದದ್ದಲ್ಲ. ನಮ್ಮ ಭಾಗಕ್ಕೆ ದೊಡ್ಡ ದವಾಖಾನೆ ಬಂದದ್ದೇ ಅಮೆರಿಕದ ದುಡ್ಡಿನಲ್ಲಿ.

ವಿಲಿಯಂ ವಾನ್ಲೆಸ್ ಎಂಬ ವೈದ್ಯರು ಹುಟ್ಟಿದ್ದು ಕೆನಡಾದಲ್ಲಿ, ಅವರನ್ನು ಇಲ್ಲಿಗೆ ಕಳಿಸಿದ್ದು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್. 1889ರಲ್ಲಿ ಸಾಂಗಲಿಗೆ ಬಂದರು, ಆಮೇಲೆ ಮಿರಜಕ್ಕೆ ಹೋದರು, 1894ರಲ್ಲಿ ಅಲ್ಲಿ ಆಸ್ಪತ್ರೆ ಶುರುವಾಯಿತು. ಮಿರಜ ರೈಲಿನ ಊರು. ಶೇಡಬಾಳ, ಉಗಾರ, ಕುಡಚಿ, ರಾಯಬಾಗ ಎಲ್ಲವೂ ಅದೇ ಹಳಿಯ ಮೇಲಿವೆ. ಕಣ್ಣಿನ ಪೊರೆ, ಮೂತ್ರಕೋಶದ ಕಲ್ಲು, ಗೆಡ್ಡೆ ಅಂತ ಕನ್ನಡ ಮಾತಾಡುವ ರೋಗಿಗಳೂ ಆ ರೈಲು ಹತ್ತಿದರು. ಉಳ್ಳವರು ಕೊಟ್ಟ ಶುಲ್ಕ ಮತ್ತು ಮಿಷನ್ನಿನ ದೇಣಿಗೆಯ ಮೇಲೆ ಇಲ್ಲದವರ ಚಿಕಿತ್ಸೆ ನಡೆಯುತ್ತಿತ್ತು. ಅದನ್ನು ವಿಮೆ ಎನ್ನಲಾಗದು, ಧರ್ಮ ಎನ್ನಬಹುದು. ಧರ್ಮದಲ್ಲಿ ಕೇಳುವವನಿಗೆ ಹಕ್ಕಿರುವುದಿಲ್ಲ.

ಇಲ್ಲೊಂದು ವಿಚಿತ್ರವನ್ನೂ ಹೇಳಬೇಕು. ಆಗ ಮಿರಜ ಪಟವರ್ಧನರ ಸಂಸ್ಥಾನ, ಚಿಕ್ಕೋಡಿ ತಾಲೂಕು ಬ್ರಿಟಿಷರ ಮುಂಬಯಿ ಪ್ರಾಂತ. 1948ರಲ್ಲಿ ಸಂಸ್ಥಾನ ವಿಲೀನವಾದ ಮೇಲೆ ಎಂಟು ವರ್ಷ ಎರಡೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ದವಾಖಾನೆ ಆಚೆ ಉಳಿಯಿತು. 1963ರಲ್ಲಿ ಕೆಎಲ್‌ಇ ಸಂಸ್ಥೆ ಬೆಳಗಾವಿಯಲ್ಲಿ ವೈದ್ಯಕೀಯ ಕಾಲೇಜು ತೆರೆದ ಮೇಲೆ ಈ ಕಡೆಗೂ ಒಂದು ದಾರಿಯಾಯಿತು. ಆದರೆ ದೂಧಗಂಗಾ ತೀರದವರಿಗೆ ಇಚಲಕರಂಜಿ, ಮಿರಜಗಳೇ ಹತ್ತಿರ. ಗಡಿ ಬದಲಾಯಿತೆಂದು ರೋಗಿ ದಾರಿ ಬದಲಿಸಲಿಲ್ಲ. ಆ ದಿನಗಳಲ್ಲಿ ಅದರಿಂದ ತೊಂದರೆಯೂ ಇರಲಿಲ್ಲ, ಏಕೆಂದರೆ ಎಲ್ಲಿಗೆ ಹೋದರೂ ಬಿಲ್ ಕಟ್ಟುವವರು ನಾವೇ.

ಈಗ ಅಮೆರಿಕಕ್ಕೆ ಬರೋಣ. ಅಲ್ಲಿಯೂ ನೂರು ವರ್ಷದ ಹಿಂದೆ ಬಹುಪಾಲು ಜನ ಬಿಲ್ಲನ್ನು ಕೈಯಿಂದಲೇ ಕಟ್ಟುತ್ತಿದ್ದರು. 1929ರಲ್ಲಿ ಟೆಕ್ಸಾಸಿನ ಡಲ್ಲಾಸ್ ನಗರದ ಬೇಲರ್ ಆಸ್ಪತ್ರೆಯ ಆಡಳಿತ ನೋಡುತ್ತಿದ್ದ ಜಸ್ಟಿನ್ ಫೋರ್ಡ್ ಕಿಂಬಲ್ ಅವರ ಕಣ್ಣಿಗೆ ಬಾಕಿ ಉಳಿದ ಬಿಲ್ಲುಗಳು ಬಿದ್ದವು. ಬಾಕಿ ಇಟ್ಟವರಲ್ಲಿ ಶಾಲಾ ಶಿಕ್ಷಕರು ಬಹಳ. ಕಿಂಬಲ್ ಹಿಂದೆ ಆ ಊರಿನ ಶಾಲೆಗಳ ಮುಖ್ಯಾಧಿಕಾರಿಯಾಗಿದ್ದವರು, ಶಿಕ್ಷಕರ ಸಂಬಳ ಎಷ್ಟೆಂದು ಗೊತ್ತಿತ್ತು. ತಿಂಗಳಿಗೆ 50 ಸೆಂಟ್ ಕೊಡಿ, ವರ್ಷದಲ್ಲಿ 21 ದಿನ ಆಸ್ಪತ್ರೆ ವಾಸ ನಿಮ್ಮದು ಎಂದರು. ಮುಂದೆ ಬ್ಲೂ ಕ್ರಾಸ್ ಎಂದು ದೇಶವೆಲ್ಲ ಹರಡಿದ ವಿಮೆಯ ಬೀಜ ಅದು. ಗಮನಿಸಿ, ಅದು ಹುಟ್ಟಿದ್ದು ರೋಗಿಯ ಕಷ್ಟದಿಂದ ಎಷ್ಟೋ, ಆಸ್ಪತ್ರೆಯ ಬಾಕಿಯಿಂದಲೂ ಅಷ್ಟೇ.

ಅದೇ 1929ರಲ್ಲಿ ಒಕ್ಲಹೋಮಾದ ಎಲ್ಕ್ ಸಿಟಿ ಎಂಬ ಸಣ್ಣ ಊರಿನಲ್ಲಿ ಲೆಬನಾನ್ ಮೂಲದ ವೈದ್ಯ ಮೈಕೆಲ್ ಶದೀದ್ ರೈತರನ್ನು ಸೇರಿಸಿ, ತಲಾ 50 ಡಾಲರಿನ ಷೇರು ಕೊಳ್ಳಿಸಿ ಸಹಕಾರಿ ಆಸ್ಪತ್ರೆ ಕಟ್ಟಲು ಹೊರಟರು. ವೈದ್ಯರ ಸಂಘದವರು ಅವರನ್ನು ಹೊರಗಿಟ್ಟರು, ಲೈಸೆನ್ಸ್ ಕಿತ್ತುಕೊಳ್ಳುವ ಯತ್ನಗಳೂ ನಡೆದವು. ಆಸ್ಪತ್ರೆ ನಿಂತಿತು, ಆದರೆ ದೇಶದ ದಾರಿ ಅದಾಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ, 1942ರ ಕಾನೂನಿನಿಂದ, ಅಲ್ಲಿ ಸಂಬಳ ಏರಿಸುವುದಕ್ಕೆ ಕಡಿವಾಣ ಬಿತ್ತು. ಕೆಲಸಗಾರರನ್ನು ಸೆಳೆಯಲು ಕಂಪನಿಗಳು ಸಂಬಳದ ಬದಲು ಆರೋಗ್ಯ ವಿಮೆ ಕೊಡತೊಡಗಿದವು. ಆ ವಿಮೆಯ ಮೇಲೆ ತೆರಿಗೆ ಇಲ್ಲವೆಂದು 1954ರ ತೆರಿಗೆ ಕಾನೂನು ಖಚಿತಪಡಿಸಿತು. ಹೀಗೆ ಅಮೆರಿಕದವರ ಆರೋಗ್ಯ ನೌಕರಿಯ ಕೊರಳಿಗೆ ಕಟ್ಟಿತು. 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಯ್ಡ್ ಬಂದದ್ದು 1965ರಲ್ಲಿ.

ನಮ್ಮಲ್ಲಿ ಆ ಗೂಟ ನೌಕರಿಯದಲ್ಲ, ಸೊಸೈಟಿಯದು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ್ದು ಎಲ್ಲರಿಗೂ ಗೊತ್ತು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಇವತ್ತಿಗೂ ಪಿಕೆಪಿಎಸ್ ಅಂದರೆ ಸಾಲ, ಗೊಬ್ಬರ, ಚುನಾವಣೆ ಮೂರೂ ಸೇರಿದ ಜಾಗ. 2002ರಲ್ಲಿ ಈ ಜಾಲದ ಮೇಲೆಯೇ ಯಶಸ್ವಿನಿ ಬಂತು. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿ ಅವರ ಯೋಚನೆ, ಎಸ್.ಎಂ. ಕೃಷ್ಣ ಅವರ ಸರ್ಕಾರದ ಬೆಂಬಲ. 2003ರ ಜೂನ್ 1ರಿಂದ ಚಿಕಿತ್ಸೆ ಶುರು. ಸಹಕಾರ ಸಂಘದ ಸದಸ್ಯರಾಗಿದ್ದರೆ ತಲೆಗೆ ತಿಂಗಳಿಗೆ 5 ರೂಪಾಯಿ, ವರ್ಷಕ್ಕೆ 60. ಒಂದು ಶಸ್ತ್ರಚಿಕಿತ್ಸೆಗೆ 1 ಲಕ್ಷ, ವರ್ಷಕ್ಕೆ 2 ಲಕ್ಷದ ಮಿತಿ. 1,600ಕ್ಕೂ ಹೆಚ್ಚು ಬಗೆಯ ಶಸ್ತ್ರಚಿಕಿತ್ಸೆಗಳು. ನಡುವೆ ವಿಮಾ ಕಂಪನಿ ಇಲ್ಲ. ದುಡ್ಡು ಟ್ರಸ್ಟಿನದು, ದರ ಮೊದಲೇ ನಿಗದಿ, ಪಟ್ಟಿಯಲ್ಲಿದ್ದ ಆಸ್ಪತ್ರೆಯಲ್ಲಿ ರೋಗಿ ಬಿಲ್ ಕಟ್ಟುವಂತಿಲ್ಲ.

60 ರೂಪಾಯಿಗೆ ಇದು ಹೇಗೆ ನಡೆಯಿತು? ಮೊದಲ ವರ್ಷ ಸೇರಿದವರು ಸುಮಾರು 16 ಲಕ್ಷ, ನಡೆದ ಶಸ್ತ್ರಚಿಕಿತ್ಸೆಗಳು ಸುಮಾರು 9 ಸಾವಿರ. ಅಂದರೆ ಸರಿಸುಮಾರು 180 ಜನಕ್ಕೆ ಒಂದು. 180 ಜನರ 60 ರೂಪಾಯಿ ಕೂಡಿದರೆ 10,800. ಅದರ ಮೇಲೆ ಸರ್ಕಾರದ ಪಾಲು. ಆಗಿನ ನಿಗದಿತ ದರದಲ್ಲಿ ಸಣ್ಣದೂ ದೊಡ್ಡದೂ ಸೇರಿ ಲೆಕ್ಕ ಕೂಡುತ್ತಿತ್ತು. ವಿಮೆ ಅಂದರೆ ಇಷ್ಟೇ. ಈ ವರ್ಷ ದವಾಖಾನೆ ಮೆಟ್ಟಿಲು ಹತ್ತದ 179 ಜನ ಹತ್ತಿದ ಒಬ್ಬನ ಬಿಲ್ ಕಟ್ಟುತ್ತಾರೆ. ಆ ಒಬ್ಬ ಯಾರೆಂದು ಮೊದಲೇ ಗೊತ್ತಿಲ್ಲ ಅನ್ನುವುದೇ ಅದರ ಬಂಡವಾಳ.

ಗೊತ್ತಾದರೆ ಏನಾಗುತ್ತದೆ ಎಂಬುದೂ ಬೇಗ ಕಂಡಿತು. ಎರಡನೇ ವರ್ಷ ಸದಸ್ಯರು 20 ಲಕ್ಷ ಮುಟ್ಟಿದರು. ಮೂರನೇ ವರ್ಷ ವಂತಿಗೆ 120 ರೂಪಾಯಿ ಆಯಿತು, ಸದಸ್ಯರು 15 ಲಕ್ಷಕ್ಕಿಂತ ಕೆಳಗಿಳಿದರು. ಆದರೆ ಶಸ್ತ್ರಚಿಕಿತ್ಸೆಗಳು ಇಳಿಯಲಿಲ್ಲ, 20 ಸಾವಿರದ ಹತ್ತಿರ ಹೋದವು. ಗಟ್ಟಿಮುಟ್ಟಾದವರು "ನಮಗ್ಯಾಕ" ಅಂತ ಬಿಟ್ಟರು, ಆಪರೇಷನ್ ಬೇಕಿದ್ದವರು ಉಳಿದರು. ಅಮೆರಿಕದಲ್ಲಿ ಇದೇ ಸಮಸ್ಯೆಗೆ ವಿಮಾ ಕಂಪನಿಗಳು ದಶಕಗಟ್ಟಲೆ ಬೇರೆ ಮದ್ದು ಮಾಡಿದವು. ಮೊದಲೇ ಕಾಯಿಲೆ ಇದ್ದವರಿಗೆ ಪಾಲಿಸಿಯನ್ನೇ ಕೊಡದಿರುವುದು. ಅದು ನಿಂತದ್ದು ಒಬಾಮ ಕಾಲದ 2010ರ ಕಾನೂನಿನಿಂದ, 2014ರಲ್ಲಿ. ಯಶಸ್ವಿನಿ ಹಾಗೆ ಯಾರನ್ನೂ ಬಾಗಿಲಲ್ಲಿ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಲಿಲ್ಲ. ಈ ಒಂದು ಕಾರಣಕ್ಕೆ ನಮಗೆ ಅದರ ಮೇಲೆ ಗೌರವವಿದೆ.

ಕೊರತೆಗಳೂ ಇದ್ದವು. ಅದು ಮುಖ್ಯವಾಗಿ ಕತ್ತರಿಯ ವಿಮೆ. ಆಪರೇಷನ್ ಆದರೆ ಸರಿ. ಟೈಫಾಯ್ಡ್ ಆಗಿ ಎಂಟು ದಿನ ಮಲಗಿದರೆ, ತಿಂಗಳಾ ಸಕ್ಕರೆ ಕಾಯಿಲೆ ಗುಳಿಗೆ ಕೊಂಡರೆ ಖರ್ಚು ಸ್ವಂತದ್ದು. ಬಡ ಮನೆಗಳ ಕೈ ಕಚ್ಚುವುದು ಈ ಸಣ್ಣ ಖರ್ಚುಗಳೇ. ಆದರೂ ಪಟ್ಟಿ ಮಾಡಿದವರಿಗೆ ಹೊಲ ಗೊತ್ತಿತ್ತು ಅನ್ನಬೇಕು. ಹಾವು ಕಡಿತ, ಹೋರಿ ಇರಿತ, ಕರೆಂಟ್ ಹೊಡೆತ, ಕೃಷಿ ಯಂತ್ರದಿಂದಾದ ಗಾಯ ಇವು ಅದರಲ್ಲಿ ಸೇರಿದ್ದವು. ಕಬ್ಬಿನ ಗದ್ದೆಗೆ ರಾತ್ರಿ ನೀರು ಬಿಡಲು ಹೋಗುವ ಊರಿನವರಿಗೆ ಇದು ಸಣ್ಣ ಮಾತಲ್ಲ.

ದೊಡ್ಡ ಕೊರತೆ ಬಾಗಿಲಿನದು. ಪಿಕೆಪಿಎಸ್ ಸದಸ್ಯ ಅಂದರೆ ನಮ್ಮ ಕಡೆ ಸಾಮಾನ್ಯವಾಗಿ ಉತಾರ ಇರುವವನು. ಕಬ್ಬು ಬೆಳೆದವನಿಗೆ ಕಾರ್ಡ್ ಸಿಕ್ಕಿತು, ಕಬ್ಬು ಕಡಿಯುವ ಗ್ಯಾಂಗಿನವನಿಗೆ ಸಿಗಲಿಲ್ಲ. ಅವನು ಯಾವ ಊರಿನ ಸೊಸೈಟಿಯಲ್ಲೂ ಇಲ್ಲ. ಅಮೆರಿಕದಲ್ಲೂ ಹೊರಗುಳಿದವರು ಇದೇ ತರದವರು: ಪೂರ್ತಿ ಹೊತ್ತಿನ ನೌಕರಿ ಇಲ್ಲದವರು, ಸಣ್ಣ ಅಂಗಡಿಯಲ್ಲಿ ದುಡಿಯುವವರು. 2023ರಲ್ಲೂ ಸುಮಾರು 2.6 ಕೋಟಿ ಅಮೆರಿಕನ್ನರಿಗೆ ವಿಮೆ ಇರಲಿಲ್ಲ. ಒಳಗಿದ್ದವರೂ ಆರಾಮಾಗಿಲ್ಲ. 2024ರಲ್ಲಿ ಕಂಪನಿ ಮೂಲಕ ಸಿಗುವ ಕುಟುಂಬ ವಿಮೆಯ ವಾರ್ಷಿಕ ಕಂತು ಸರಾಸರಿ 25,500 ಡಾಲರ್ ದಾಟಿತ್ತು, ಅದರಲ್ಲಿ ನೌಕರ ಕೊಡಬೇಕಾದದ್ದು 6,300ರ ಹತ್ತಿರ. ಅಷ್ಟು ಕಟ್ಟಿದ ಮೇಲೂ ಡಿಡಕ್ಟಿಬಲ್ ಎಂದು ಮೊದಲ ಒಂದಷ್ಟು ಸಾವಿರ ಡಾಲರ್ ಬಿಲ್ ಸ್ವಂತದ್ದು, ಕೋಪೇ ಎಂದು ಪ್ರತಿ ಸಲ ಸ್ವಲ್ಪ ಸ್ವಂತದ್ದು, ಪಟ್ಟಿಯಲ್ಲಿಲ್ಲದ ಡಾಕ್ಟರ್ ಮುಟ್ಟಿದರೆ ಇನ್ನಷ್ಟು. ಅಲ್ಲಿರುವ ನಮ್ಮ ಕಡೆಯ ಹುಡುಗರು ರಜೆಗೆ ಊರಿಗೆ ಬಂದಾಗ ಹಲ್ಲಿನ ಕೆಲಸ ಮುಗಿಸಿಕೊಂಡು ಹೋಗುವುದು ಸುಮ್ಮನೆ ಅಲ್ಲ.

2018ರಲ್ಲಿ ಯಶಸ್ವಿನಿಯನ್ನು ಆರೋಗ್ಯ ಕರ್ನಾಟಕದಲ್ಲಿ ಸೇರಿಸಿದರು, ಅದೇ ವರ್ಷ ಅದು ಕೇಂದ್ರದ ಆಯುಷ್ಮಾನ್ ಭಾರತದ ಜೊತೆ ಕೂಡಿತು. ಈಗ ಬಾಗಿಲು ಸೊಸೈಟಿಯಲ್ಲ, ರೇಷನ್ ಕಾರ್ಡ್. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಇದ್ದರೆ ನಿಗದಿತ ದರದ ಶೇ. 30 ಮಾತ್ರ ಸರ್ಕಾರದ್ದು. ಗ್ಯಾಂಗಿನವನು ಈಗ ಒಳಗೆ ಬಂದ, ನಾಲ್ಕು ಎಕರೆಯ ಎಪಿಎಲ್ ರೈತ ಅರ್ಧ ಹೊರಗೆ ನಿಂತ. ರೈತರ ಒತ್ತಾಯದ ಮೇಲೆ ಯಶಸ್ವಿನಿ ಮತ್ತೆ ಬಂತು. 2022ರ ನವೆಂಬರಿನಲ್ಲಿ ನೋಂದಣಿ, 2023ರ ಜನವರಿಯಿಂದ ಚಿಕಿತ್ಸೆ, ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, 5 ಲಕ್ಷದ ಮಿತಿ. ಈ ಸಲ ತಲೆ ಲೆಕ್ಕವಲ್ಲ, ಮನೆ ಲೆಕ್ಕ. ಮನೆಯಲ್ಲಿ ಮುದುಕಿಯ ಹೆಸರು ಮಾತ್ರ ಬರೆಸಿ ಉಳಿದವರನ್ನು ಬಿಡುವ ಜಾಣತನಕ್ಕೆ ಇದು ಸರಿಯಾದ ಉತ್ತರ ಎಂದು ನಮ್ಮ ಅಭಿಪ್ರಾಯ.

ಉಳಿದದ್ದು ಗಡಿ. ಬಿಲ್ ಕಟ್ಟುವವರು ನಾವಾಗಿದ್ದಾಗ ಅದು ಅಡ್ಡ ಬಂದಿರಲಿಲ್ಲ. ಸರ್ಕಾರ ಕಟ್ಟತೊಡಗಿದ ಮೇಲೆ ಯಾವ ಸರ್ಕಾರ, ಯಾವ ಪಟ್ಟಿ ಎಂಬ ಪ್ರಶ್ನೆ ಬಂತು. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ತಾನು ಹಕ್ಕು ಸಾಧಿಸುತ್ತಿರುವ ಕರ್ನಾಟಕದ 865 ಊರುಗಳಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆಯನ್ನು ವಿಸ್ತರಿಸುವುದಾಗಿ ಹೇಳಿ 54 ಕೋಟಿ ರೂಪಾಯಿ ತೆಗೆದಿಟ್ಟಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಇದಕ್ಕೆ ಆಕ್ಷೇಪ ಎತ್ತಿದರು. ಟಿವಿಯಲ್ಲಿ ಎರಡು ದಿನ ಕೂಗಾಟವಾಯಿತು. ಇನ್ನೊಂದು ರಾಜ್ಯದ ಊರಿನಲ್ಲಿ ವಿಮೆಯ ನೆಪದಲ್ಲಿ ಹಕ್ಕು ಊರುವುದು ತಪ್ಪೆಂದೇ ನಾವೂ ಭಾವಿಸುತ್ತೇವೆ. ಆದರೆ ಆ ಕೂಗಾಟದಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿತ್ತು: ಎದೆ ನೋವು ಬಂದವನನ್ನು ರಾತ್ರಿ ಹತ್ತಕ್ಕೆ ಸದಲಗಾದಿಂದ ಯಾವ ಕಡೆ ಒಯ್ಯಬೇಕು, ಅಲ್ಲಿ ಯಾವ ಕಾರ್ಡ್ ನಡೆಯುತ್ತದೆ?

ಪಟ್ಟಿ ಆಗಾಗ ಬದಲಾಗುತ್ತದೆ. ಹೋದ ವರ್ಷ ಇದ್ದ ಆಸ್ಪತ್ರೆ ಈ ವರ್ಷ ಇರದೆ ಹೋಗಬಹುದು. ಮನೆಯಲ್ಲಿ ವಯಸ್ಸಾದವರಿದ್ದರೆ, ಎಲ್ಲರೂ ಹುಷಾರಾಗಿರುವಾಗಲೇ ಒಮ್ಮೆ ಮಿರಜದ್ದೂ ಬೆಳಗಾವಿಯದ್ದೂ ಎರಡೂ ಕಡೆ ವಿಚಾರಿಸಿ, ಪಿಕೆಪಿಎಸ್‌ನಲ್ಲಿ ನೋಂದಣಿ ಯಾವಾಗಿನಿಂದ ಅಂತಲೂ ಕೇಳಿಕೊಂಡು ಬನ್ನಿ.