ಹೊಗೆಯೇ ಬರೆಸಿದ ಲೆಕ್ಕ

ಬೈಕಿನ ಎಂಜಿನ್ನಿಗೆ ಎಷ್ಟು ಪೆಟ್ರೋಲು ಹೋಗಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನು ಇವತ್ತು ಒಂದು ಪುಟ್ಟ ಪೆಟ್ಟಿಗೆ ತೀರ್ಮಾನಿಸುತ್ತದೆ. ಅದಕ್ಕೆ ಇಸಿಯು ಎಂದು ಹೆಸರು. ಅದರೊಳಗೆ ಮಗ್ಗಿ ಪುಸ್ತಕದ ಪುಟದಂಥ ಕೋಷ್ಟಕಗಳಿರುತ್ತವೆ. ಒಂದು ಕಡೆ ಎಂಜಿನ್ನಿನ ವೇಗ, ಇನ್ನೊಂದು ಕಡೆ ಆಕ್ಸಿಲರೇಟರ್ ಎಷ್ಟು ತಿರುವಿದ್ದೇವೆ ಎಂಬ ಲೆಕ್ಕ. ಎರಡೂ ಕೂಡುವ ಮನೆಯಲ್ಲಿ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡು ತೆರೆದಿರಬೇಕು ಎಂಬ ಸಂಖ್ಯೆ. ಈ ಸಂಖ್ಯೆಗಳನ್ನು ಅಳಿಸಿ ಬೇರೆ ಬರೆಯುವುದಕ್ಕೆ ನಮ್ಮ ಹುಡುಗರು ರೀಮ್ಯಾಪ್ ಎನ್ನುತ್ತಾರೆ. 'ನನ್ನ ಗಾಡಿ, ನನ್ನ ದುಡ್ಡು. ಕಂಪನಿಯವರು ಕಟ್ಟಿಹಾಕಿದ ಶಕ್ತಿಯನ್ನು ನಾನು ಬಿಚ್ಚಿಕೊಂಡರೆ ಯಾರಿಗೇನು?' ಎಂಬುದು ಅವರ ವಾದ. ನನಗೆ ಈ ವಾದದ ಬಗ್ಗೆ ಸಹಾನುಭೂತಿ ಇದೆ. ಆದರೆ ಆ ಕೋಷ್ಟಕ ಬೈಕಿನೊಳಗೆ ಬಂದ ಚರಿತ್ರೆಯನ್ನು ನೋಡಿದರೆ, ಸವಾರ ಮತ್ತು ಕಂಪನಿಯ ಜೊತೆಗೆ ಮೂರನೆಯವರೊಬ್ಬರು ಈ ವ್ಯವಹಾರದಲ್ಲಿ ಮೊದಲಿನಿಂದಲೂ ಇದ್ದಾರೆ.

ಕಂಪ್ಯೂಟರ್ ಬರುವ ಮುಂಚೆ ಈ ಲೆಕ್ಕವೆಲ್ಲ ಕಾರ್ಬ್ಯುರೇಟರಿನದು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಹೊರಬಂದ ಜಾವಾ, ಯೆಜ್ಡಿ ಗಾಡಿಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೆಕ್ಯಾನಿಕ್ಕು ಸ್ಕ್ರೂ ಡ್ರೈವರಿನಿಂದ ಅರ್ಧ ಸುತ್ತು ತಿರುವಿ, ಕಿವಿಗೊಟ್ಟು ಕೇಳಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ಬಣ್ಣ ನೋಡುತ್ತಿದ್ದ. ಪ್ಲಗ್ ಕಪ್ಪಗಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಕಾಫಿ ಬಣ್ಣ ಇದ್ದರೆ ಸರಿ. ಇನ್ನೂ ವೇಗ ಬೇಕೆಂದವರಿಗೆ ದೊಡ್ಡ ಜೆಟ್ ಹಾಕುತ್ತಿದ್ದರು, ಸಿಲಿಂಡರಿನ ಕಿಂಡಿಗಳನ್ನು ಅರದಿಂದ ಉಜ್ಜಿ ಅಗಲ ಮಾಡುತ್ತಿದ್ದರು. ಎಂಜಿನ್ನನ್ನು ತಿದ್ದುವುದು ಕಣ್ಣಿಗೆ ಕಾಣುವ, ಕೈಗೆ ಸಿಗುವ ಕೆಲಸವಾಗಿತ್ತು. ಆದರೆ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಪೆಟ್ರೋಲು ಒಳಬರುವಾಗ ಹೊಗೆ ಹೋಗುವ ಕಿಂಡಿಯೂ ತೆರೆದಿರುತ್ತದೆ. ಹಾಗಾಗಿ ಒಂದಷ್ಟು ಪೆಟ್ರೋಲು ಉರಿಯದೆಯೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತಿತ್ತು. ಅದನ್ನು ಉಸಿರಾಡುವವರನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಲೆಕ್ಕಕ್ಕೆ ತೆಗೆದುಕೊಂಡದ್ದು ಮೊದಲು ಅಮೆರಿಕದ ಲಾಸ್ ಏಂಜಲೀಸಿನಲ್ಲಿ. 1940ರ ದಶಕದಿಂದ ಆ ಊರಿನ ಮೇಲೆ ಕಣ್ಣುರಿಸುವ ಕಂದು ಮಂಜು ಕವಿಯತೊಡಗಿತ್ತು. ವಾಹನ ಮತ್ತು ಕಾರ್ಖಾನೆಗಳು ಬಿಡುವ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಸೇರಿ ಈ ಮಂಜು ಆಗುತ್ತದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿದವರು ಹಾಗೆನ್-ಸ್ಮಿತ್ ಎಂಬ ರಸಾಯನ ವಿಜ್ಞಾನಿ. ಕ್ಯಾಲಿಫೋರ್ನಿಯಾ ವಾಹನದ ಹೊಗೆಗೆ ಮಿತಿ ಹಾಕತೊಡಗಿತು. ಆ ಮಿತಿಯೊಳಗೆ ಬರಲು ಕಾರ್ಬ್ಯುರೇಟರಿನ ಅಂದಾಜು ಸಾಲದು ಎಂದಾಗ, ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಎಂಬ ವಿದ್ಯುನ್ಮಾನ ಇಂಜೆಕ್ಷನ್ ವ್ಯವಸ್ಥೆ 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಬಂತು. ರೀಮ್ಯಾಪ್ ಮಾಡಿಸುವವರು ಮರೆಯುವುದು ಇದನ್ನೇ. ಎಂಜಿನ್ನಿನೊಳಗೆ ಲೆಕ್ಕದ ಪೆಟ್ಟಿಗೆಯನ್ನು ತಂದ ಕಾರಣಗಳಲ್ಲಿ ದೊಡ್ಡದು ವೇಗವಲ್ಲ, ಹೊಗೆ.

ಬೈಕುಗಳಿಗೆ ಅದು ಬರಲು ಇನ್ನೂ ಹದಿಮೂರು ವರ್ಷ ಹಿಡಿಯಿತು. 1980ರಲ್ಲಿ ಕವಾಸಾಕಿಯ ಝಡ್1000 ಎಚ್1, 1983ರಲ್ಲಿ ಬಿಎಂಡಬ್ಲ್ಯೂ ಕೆ100. ಆದರೆ ತಿದ್ದುವವರ ಚರಿತ್ರೆಯಲ್ಲಿ ಮುಖ್ಯವಾದದ್ದು 1980ರ ದಶಕದ ಕೊನೆಗೆ ಬಂದ ಇಟಲಿಯ ಡುಕಾಟಿ 851. ಅದರ ವೆಬರ್-ಮರೆಲ್ಲಿ ಪೆಟ್ಟಿಗೆಯೊಳಗೆ ಸಂಖ್ಯೆಗಳೆಲ್ಲ ಒಂದು ಇಪ್ರಾಮ್ ಚಿಪ್ಪಿನಲ್ಲಿದ್ದವು. ಇಂಥ ಚಿಪ್ಪಿನ ನೆತ್ತಿಯ ಮೇಲೆ ಪುಟ್ಟ ಗಾಜಿನ ಕಿಟಕಿ ಇರುತ್ತದೆ. ಅದರ ಮೂಲಕ ಅತಿನೇರಳೆ ಬೆಳಕು ಬಿಟ್ಟರೆ ಬರೆದದ್ದೆಲ್ಲ ಅಳಿಸಿಹೋಗಿ, ಹೊಸದಾಗಿ ಬರೆಯಬಹುದು. ರೇಸಿನವರು ಸೈಲೆನ್ಸರ್ ಬದಲಾಯಿಸಿ, ಅದಕ್ಕೆ ತಕ್ಕ ಚಿಪ್ಪನ್ನೂ ಬದಲಾಯಿಸತೊಡಗಿದರು. 1990ರಲ್ಲಿ ಫ್ರಾನ್ಸಿನ ರೇಮಂಡ್ ರೋಶ್ ಈ ಬಗೆಯ ಡುಕಾಟಿಯ ಮೇಲೆ ಕೂತು ಸೂಪರ್‌ಬೈಕ್ ವಿಶ್ವ ಚಾಂಪಿಯನ್ ಆದರು. ಸ್ಕ್ರೂ ಡ್ರೈವರಿನ ವಿದ್ಯೆ ಸಂಖ್ಯೆಗಳ ವಿದ್ಯೆಯಾಗಿ ಬದಲಾಗಿತ್ತು. ಮುಂದೆ ಚಿಪ್ ಕೀಳುವುದೂ ಬೇಡವಾಯಿತು, ಒಂದು ಕೇಬಲ್ ಮತ್ತು ಲ್ಯಾಪ್‌ಟಾಪ್ ಸಾಕಾಯಿತು.

ತಿದ್ದಿದರೆ ನಿಜಕ್ಕೂ ಶಕ್ತಿ ಬರುತ್ತದೆಯೇ? ಬರುತ್ತದೆ, ಅದಕ್ಕೊಂದು ಸರಳ ಕಾರಣವಿದೆ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಸೈಲೆನ್ಸರಿನೊಳಗಿನ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯನ್ನು ಚೆನ್ನಾಗಿ ಶುದ್ಧ ಮಾಡುವುದು ಮಿಶ್ರಣ ಈ ಅಂಕಿಯ ಆಸುಪಾಸಿನಲ್ಲಿದ್ದಾಗ ಮಾತ್ರ. ಆದರೆ ಎಂಜಿನ್ ಅತಿ ಹೆಚ್ಚು ಶಕ್ತಿ ಕೊಡುವುದು ಸುಮಾರು 12.5ರಿಂದ 13ರಲ್ಲಿ, ಅಂದರೆ ಪೆಟ್ರೋಲು ಸ್ವಲ್ಪ ಜಾಸ್ತಿ ಇದ್ದಾಗ. ಕಂಪನಿಯವರು ಹೊಗೆ ಪರೀಕ್ಷೆ ನಡೆಯುವ ವೇಗಗಳಲ್ಲಿ ಪೆಟ್ರೋಲನ್ನು ಬಿಗಿಹಿಡಿದಿರುತ್ತಾರೆ. ಹಾಗಾಗಿ ಸಿಗ್ನಲ್ಲಿನಿಂದ ಹೊರಡುವಾಗ ಗಾಡಿ ಮುಗ್ಗರಿಸಿದಂತಾಗುವುದು, ಎಂಜಿನ್ ವಿಪರೀತ ಬಿಸಿಯಾಗುವುದು ಸವಾರರ ಬರಿ ಕಲ್ಪನೆಯಲ್ಲ. ರೀಮ್ಯಾಪ್ ಮಾಡುವವನು ಆ ಬಿಗಿಯನ್ನು ಸಡಿಲಿಸುತ್ತಾನೆ. 14.7ರಿಂದ 13ಕ್ಕೆ ಇಳಿದ ಅಂತರದಲ್ಲಿ ಪಿಕಪ್ ಇದೆ, ಅದೇ ಅಂತರದಲ್ಲಿ ಕಾರ್ಬನ್ ಮೊನಾಕ್ಸೈಡೂ ಇದೆ.

ಈ ಅಂತರಕ್ಕೆ ಬೆಲೆ ಕಟ್ಟಿದ ದೊಡ್ಡ ಪ್ರಕರಣ ಹಾರ್ಲೆ-ಡೇವಿಡ್ಸನ್ನಿನದು. ತನ್ನ ಬೈಕುಗಳ ಕೋಷ್ಟಕ ತಿದ್ದುವ 'ಸೂಪರ್ ಟ್ಯೂನರ್' ಎಂಬ ಸಾಧನವನ್ನು ಕಂಪನಿ ತಾನೇ ಮಾರುತ್ತಿತ್ತು. 2008ರಿಂದ ಸುಮಾರು 3.4 ಲಕ್ಷ ಸಾಧನಗಳು ಮಾರಾಟವಾಗಿದ್ದವು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳಿತು. ಇವು ರೇಸಿಗೆ ಮಾತ್ರ ಎಂದು ಕಂಪನಿ ವಾದಿಸಿತು. 2016ರ ಆಗಸ್ಟಿನಲ್ಲಿ ಒಪ್ಪಂದವಾಗಿ, ಹಾರ್ಲೆ ತಪ್ಪೊಪ್ಪಿಕೊಳ್ಳದೆ 1.2 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಅಂಗಡಿಗಳಲ್ಲಿ ಉಳಿದ ಸಾಧನಗಳನ್ನು ವಾಪಸು ಕೊಂಡು ನಾಶ ಮಾಡಬೇಕಾಯಿತು. ಜೊತೆಗೆ 30 ಲಕ್ಷ ಡಾಲರ್ ಖರ್ಚು ಮಾಡಿ, ಬಡಾವಣೆಗಳ ಹಳೆಯ ಸೌದೆ ಒಲೆಗಳ ಬದಲು ಕಡಿಮೆ ಹೊಗೆಯ ಒಲೆಗಳನ್ನು ಕೊಡಿಸಬೇಕು ಎಂಬ ಷರತ್ತೂ ಇತ್ತು. ಬೈಕು ಕೆಡಿಸಿದ ಗಾಳಿಯನ್ನು ಒಲೆಯಿಂದ ತುಂಬಿಕೊಡುವ ಲೆಕ್ಕ ಅದು. ಮರುವರ್ಷ ಸರ್ಕಾರ ಬದಲಾದ ಮೇಲೆ ಆ ಒಲೆಯ ಷರತ್ತನ್ನು ಕೈಬಿಡಲಾಯಿತು. ಮೂರನೆಯವರ ಪಾಲು ಅಷ್ಟು ಸುಲಭವಾಗಿ ಜಾರಿಹೋಯಿತು.

ಹಾಗಾದರೆ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಕಂಪನಿಯ ಕೈಯಲ್ಲೇ ಇಟ್ಟರೆ ಆಯಿತಲ್ಲ? ಇದಕ್ಕೆ ಉತ್ತರ ಹಾರ್ಲೆ ಪ್ರಕರಣದ ಹಿಂದಿನ ವರ್ಷದಲ್ಲೇ ಸಿಕ್ಕಿತ್ತು. ವಾಹನದೊಳಗಿನ ಸಾಫ್ಟ್‌ವೇರನ್ನು ಮಾಲೀಕರು ತೆರೆದು ನೋಡಲು, ದುರಸ್ತಿ ಮಾಡಲು ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿನಾಯಿತಿ ಕೊಡಬೇಕೇ ಎಂಬ ಚರ್ಚೆ ಅಮೆರಿಕದಲ್ಲಿ ನಡೆಯುತ್ತಿತ್ತು. ಜನ ಕೋಷ್ಟಕ ತಿದ್ದಿ ಹೊಗೆ ಹೆಚ್ಚಿಸುತ್ತಾರೆ, ಕೊಡಬೇಡಿ ಎಂದು 2015ರ ಜುಲೈನಲ್ಲಿ ಇಪಿಎ ಪತ್ರ ಬರೆಯಿತು. ಎರಡೇ ತಿಂಗಳಲ್ಲಿ ಫೋಕ್ಸ್‌ವ್ಯಾಗನ್ ಹಗರಣ ಸ್ಫೋಟಿಸಿತು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ, ಆಗ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುವ ಸಾಫ್ಟ್‌ವೇರು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಡೀಸೆಲ್ ಕಾರುಗಳಲ್ಲಿತ್ತು. ಬೀಗ ಹಾಕಿದ ಪೆಟ್ಟಿಗೆಯೊಳಗೆ ಕೂತು ಕಂಪನಿಯೇ ಕೋಷ್ಟಕ ತಿದ್ದಿತ್ತು. ಆ ಅಕ್ಟೋಬರಿನಲ್ಲಿ ಮಾಲೀಕರಿಗೆ ವಿನಾಯಿತಿ ಸಿಕ್ಕಿತು. ಬೇರೆ ಕಾನೂನುಗಳನ್ನು ಮುರಿಯುವಂತಿಲ್ಲ ಎಂಬ ಷರತ್ತಿನೊಂದಿಗೆ.

ಆ ಹಗರಣ ಬಯಲಾದದ್ದು ಪೆಟ್ಟಿಗೆಯನ್ನು ತೆರೆದುದರಿಂದಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಸಣ್ಣ ತಂಡವೊಂದು ಹೊಗೆ ಅಳೆಯುವ ಯಂತ್ರವನ್ನು ಕಾರಿನೊಳಗೇ ಇಟ್ಟುಕೊಂಡು, 2013ರಲ್ಲಿ ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಿಸಿತು. ಒಂದು ಕಾರಿನ ನೈಟ್ರೋಜನ್ ಆಕ್ಸೈಡು ಮಿತಿಗಿಂತ 15ರಿಂದ 35 ಪಟ್ಟು ಹೆಚ್ಚಿತ್ತು. ಆ ತಂಡದ ವಿದ್ಯಾರ್ಥಿಗಳಲ್ಲಿ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಒಬ್ಬರು. ಅವರು ನೋಡಿದ್ದು ಒಳಗೇನು ಬರೆದಿದೆ ಎಂಬುದನ್ನಲ್ಲ, ಓಡುವ ಗಾಡಿಯಿಂದ ಹೊರಗೇನು ಬರುತ್ತಿದೆ ಎಂಬುದನ್ನು.

ನಮ್ಮಲ್ಲಿಯೂ ಈ ಚರಿತ್ರೆ ಹೊಗೆಯ ಹಿಂದೆಯೇ ಸಾಗಿದೆ. ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದುದೂ ಅದರ ಕಾರಣಗಳಲ್ಲಿ ಒಂದು. 2006ರಲ್ಲಿ ಹೀರೋ ಹೋಂಡಾ ಗ್ಲಾಮರ್ ಎಫ್‌ಐ ಬಂದಾಗ ಇಂಜೆಕ್ಷನ್ ಎಂಬುದು ಶೋಕಿಯಾಗಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಕಾಣೆಯಾಗತೊಡಗಿತು. ತಿದ್ದುವ ಅಂಗಡಿಗಳೂ ಹೆಚ್ಚಿದವು. ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ, ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದ್ದೂ ಇದೆ. ಆದರೆ ಆರ್‌ಸಿಯಲ್ಲಿ ಕೋಷ್ಟಕದ ಸಂಖ್ಯೆಗಳು ಇರುವುದಿಲ್ಲ. ಪೆಟ್ರೋಲ್ ಬಂಕಿನ ಪಕ್ಕದಲ್ಲಿ ನಡೆಯುವ ಎಮಿಷನ್ ಟೆಸ್ಟು ನಿಂತ ಗಾಡಿಯ ಹೊಗೆಯನ್ನು ಅಳೆಯುತ್ತದೆ. ತಿದ್ದಿದ ಸಂಖ್ಯೆಗಳು ಕೆಲಸ ಮಾಡುವುದು ಗಾಡಿ ಓಡುವಾಗ.

ಹಾರ್ಲೆಯ ಒಪ್ಪಂದದಲ್ಲಿ ಇನ್ನೊಂದು ಸಾಲಿತ್ತು. ಟ್ಯೂನರುಗಳನ್ನು ಮಾರಲೇಬಾರದು ಎಂದು ಅದು ಹೇಳಲಿಲ್ಲ. ಹೊಗೆಯ ಮಿತಿ ದಾಟುವುದಿಲ್ಲ ಎಂದು ಪರೀಕ್ಷೆಯಲ್ಲಿ ತೋರಿಸಿ, ಕ್ಯಾಲಿಫೋರ್ನಿಯಾದ ವಾಯು ಮಂಡಳಿಯ ಒಪ್ಪಿಗೆ ಪಡೆದ ಟ್ಯೂನರುಗಳನ್ನು ಮಾರಬಹುದು ಎಂದಿತು. ನನಗೆ ನ್ಯಾಯವಾಗಿ ಕಾಣುವುದು ಈ ದಾರಿ. ಗಾಡಿಯನ್ನು ಬಿಚ್ಚಿ ನೋಡುವ, ತಿದ್ದುವ ಕೈಗಳು ನಮ್ಮ ಊರುಗಳಲ್ಲಿ ಯಾವತ್ತೂ ಇದ್ದವು, ಅವಕ್ಕೆ ಬೀಗ ಹಾಕಬಾರದು. ಆದರೆ ತಿದ್ದಿದ ಗಾಡಿಯನ್ನು ಓಡಿಸಿ ಅಳೆಯಬೇಕು. ಆ ಗಾಡಿಯ ಹಿಂದೆ ಬಸ್ ಸ್ಟಾಪಿನಲ್ಲಿ ನಿಂತ ಶಾಲೆಯ ಮಗುವಿಗೆ ಕೋಷ್ಟಕದಲ್ಲಿ ಏನು ಬರೆದಿದೆ, ಯಾರು ಬರೆದರು ಎಂಬುದು ತಿಳಿಯಬೇಕಾಗಿಲ್ಲ. ಅದು ಉಸಿರಾಡುವ ಗಾಳಿಯನ್ನು ಯಾರಾದರೂ ಅಳೆದಿದ್ದರೆ ಸಾಕು.