ಖಾಡಿಯ ಆಚೆ ಈಚೆ

ಊರಿಂದ ನೆಂಟರು ಬಂದರೆ ಡೊಂಬಿವಲಿಯವರಾದ ನಾವು ಅವರನ್ನು ಕರಕೊಂಡು ಹೋಗುವುದು ಗೇಟ್‌ವೇಗೆ, ಮಹಾಲಕ್ಷ್ಮಿಗೆ, ಸಂಜೆಯಾದರೆ ಜುಹೂ ಚೌಪಾಟಿಗೆ. ಅಂದ್ರೆ ಮನೆಯಿಂದ ಒಂದೂವರೆ ತಾಸು ದೂರಕ್ಕೆ. ಸ್ಟೇಷನ್ನಿನ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಸಮುದ್ರದ ನೀರು ದಿನಕ್ಕೆ ಎರಡು ಸಲ ಬಂದು ಹೋಗುವ ಖಾಡಿ ಇದೆ ಎನ್ನುವುದು ಇಪ್ಪತ್ತು ಮೂವತ್ತು ವರ್ಷ ಇಲ್ಲೇ ಬಾಳಿದವರಿಗೂ ನೆನಪಿರುವುದಿಲ್ಲ. ಪಾರ್ಸಿಕ್ ಗುಡ್ಡ ದಾಟಿದ ಮೇಲೆ ಮುಂಬ್ರಾದ ಹತ್ತಿರ ಬಾಗಿಲಲ್ಲಿ ನಿಂತವರ ಭುಜದ ಸಂದಿಯಿಂದ ಅರೆಕ್ಷಣ ಹೊಳೆಯುವ ನೀರು, ವಾಶಿ ಸೇತುವೆಯ ಮೇಲೆ ಯಾರೋ ಎಸೆಯುವ ಹೂವಿನ ಹಾರ, ಇಷ್ಟೇ ನಮಗೂ ಕಡಲಿಗೂ ಇರುವ ಸಂಬಂಧ.

ಒಂದು ಡಿಸೆಂಬರಿನಲ್ಲಿ ನಾಲ್ಕು ದಿನ ರಜೆ ಉಳಿದಿತ್ತು. ಕುಂದಾಪುರದಿಂದ ನನ್ನ ಭಾವಮೈದುನ ಬಂದಿದ್ದ. ಎಲ್ಲೂ ಓಡಾಡಿ ಸುಸ್ತಾಗುವುದು ಬೇಡ, ಠಾಣೆ, ಕಲ್ಯಾಣ, ನವೀ ಮುಂಬಯಿ ಇಷ್ಟರೊಳಗೇ ನಿಧಾನವಾಗಿ ತಿರುಗೋಣ ಅಂತ ನಿಶ್ಚಯಿಸಿದೆವು. ಮೊದಲ ದಿನ ಐರೋಳಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ದೋಣಿ ಹತ್ತಿದ್ದೇ ತಡ, ಅವನು ದಡದ ಗಿಡಗಳನ್ನು ನೋಡಿ, "ಇದು ನಮ್ಮ ಕಾಂಡ್ಲ ಅಲ್ದಾ ಭಾವ?" ಅಂದ. ಹೌದು, ಅದೇ ಕಾಂಡ್ಲ. ಪಂಚಗಂಗಾವಳಿಯ ಬುಡದಲ್ಲಿ ಬೆಳೆಯುವಂಥದ್ದೇ ಕಾಡು, ಕೆಸರಿನಿಂದ ಬೇರನ್ನು ಮೇಲಕ್ಕೆ ಚಾಚಿ ಉಸಿರಾಡುವ ಮರಗಳು. ಕಾರವಾರದ, ಮಲ್ಪೆಯ ಬಿಳಿ ಮರಳನ್ನು ಕಂಡವರಿಗೆ ಈ ಕೆಸರಿನ ಕರಾವಳಿ ಒಮ್ಮೆಗೇ ಹಿಡಿಸುವುದಿಲ್ಲ. ಇಲ್ಲಿ ತೆರೆಯಿಲ್ಲ, ಮೊರೆತವಿಲ್ಲ. ಇಳಿತದ ಹೊತ್ತಿಗೆ ವಾಸನೆಯೂ ಉಂಟು.

ಆದರೆ ಆ ಕೆಸರಿಗಾಗಿಯೇ ಬರುವವರಿದ್ದಾರೆ. ಸುಮಾರು 26 ಕಿಲೋಮೀಟರು ಉದ್ದದ ಠಾಣೆ ಖಾಡಿಗೆ 1990ರ ದಶಕದಿಂದೀಚೆಗೆ ರಾಜಹಂಸಗಳು ಸಾವಿರಗಟ್ಟಲೆ ಬರತೊಡಗಿದವು. ಮರಾಠಿಯಲ್ಲಿ ರೋಹಿತ್, ಅಗ್ನಿಪಂಖ ಅನ್ನುತ್ತಾರೆ. ಕೊಕ್ಕನ್ನು ತಲೆಕೆಳಗಾಗಿ ನೀರಿಗಿಟ್ಟು ಪಾಚಿಯನ್ನು ಸೋಸಿ ತಿನ್ನುವ ಹಕ್ಕಿ ಅದು. ಊರೆಲ್ಲದರ ಕೊಳಚೆ ನೀರು ಖಾಡಿಗೆ ಸೇರಿ ಪಾಚಿ ಹೆಚ್ಚಿತು, ಅದಕ್ಕೇ ಹಕ್ಕಿಯೂ ಹೆಚ್ಚಿತು ಎನ್ನುತ್ತಾರೆ ಬಲ್ಲವರು. ನಮ್ಮ ಬಚ್ಚಲಿನ ಪುಣ್ಯ ಅನ್ನಬೇಕೋ ಏನೋ! 2015ರಲ್ಲಿ 1690 ಹೆಕ್ಟೇರು ಜಾಗ ರಾಜಹಂಸ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು.

ಎರಡನೆಯ ದಿನ ಕಲ್ಯಾಣ. ನಮ್ಮವರಿಗೆ ಕಲ್ಯಾಣ ಅಂದ ಕೂಡಲೇ ಬಸವಣ್ಣನವರ ಕಲ್ಯಾಣ ನೆನಪಾಗುತ್ತದೆ. ಅದು ಬೀದರ ಜಿಲ್ಲೆಯದು, ಚಾಲುಕ್ಯರ ರಾಜಧಾನಿ. ಇದು ಉಲ್ಲಾಸ ನದಿಯ ಖಾಡಿಯ ಕಲ್ಯಾಣ, ಅದಕ್ಕಿಂತ ಬಹಳ ಹಳೆಯದು. ಒಂದನೆಯ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬ ಬರೆದ 'ಪೆರಿಪ್ಲಸ್'ನಲ್ಲಿ ಕಲ್ಲಿಯೇನ ಎಂಬ ಬಂದರಿನ ಹೆಸರಿದೆ. ಅಲ್ಲಿಗೆ ತಪ್ಪಿ ಬಂದ ಗ್ರೀಕ್ ಹಡಗುಗಳನ್ನು ಕಾವಲಿಟ್ಟು ಭರೂಚಿಗೆ ಅಟ್ಟುತ್ತಿದ್ದರಂತೆ. 1657ರಲ್ಲಿ ಶಿವಾಜಿ ಕಲ್ಯಾಣವನ್ನು ಹಿಡಿದ ಮೇಲೆ ಮರಾಠರ ಹಡಗುಪಡೆಯ ಕೆಲಸ ಶುರುವಾದದ್ದು ಇದೇ ದಡದಲ್ಲಿ, ದುರ್ಗಾಡಿ ಕೋಟೆಯ ಬುಡದಲ್ಲಿ. ಈಗ ಕೋಟೆಯ ಪಕ್ಕದ ಸೇತುವೆಯ ಮೇಲೆ ಭಿವಂಡಿಯ ಲಾರಿಗಳು ಸಾಲುಗಟ್ಟಿರುತ್ತವೆ.

ಠಾಣೆ ಶಿಲಾಹಾರರ ರಾಜಧಾನಿ, ಆಗ ಅದಕ್ಕೆ ಸ್ಥಾನಕ ಎಂದು ಹೆಸರು. ಅಂಬರನಾಥದ ಶಿವಾಲಯ ಅವರದೇ, ಶಕ 982ರ, ಅಂದರೆ 1060ರ ಶಾಸನ ಅಲ್ಲಿದೆ. ಕನ್ನಡ ಸಂಘಗಳ ಭಾಷಣಗಳಲ್ಲಿ "ಶಿಲಾಹಾರರು ಕನ್ನಡಿಗರು, ಈ ನೆಲ ನಮ್ಮದೇ ಆಗಿತ್ತು" ಎಂಬ ಮಾತು ವರ್ಷಕ್ಕೊಮ್ಮೆಯಾದರೂ ಬಂದೇ ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಭಾವಮೈದುನನೂ ಅದನ್ನೇ ಕೇಳಿದ.

ಈ ಮಾತಿಗೆ ಆಧಾರವಿಲ್ಲದಿಲ್ಲ. ಶಿಲಾಹಾರರು ತಮ್ಮನ್ನು ತಗರಪುರದ ಒಡೆಯರೆಂದು ಕರೆದುಕೊಂಡರು, ತಗರ ಎಂದರೆ ಧಾರಾಶಿವ ಜಿಲ್ಲೆಯ ತೇರ್. ಘಟ್ಟದ ಮೇಲಿಂದ ಇಳಿದವರು. ಅವರ ಬಿರುದುಗಳಲ್ಲಿ ಕನ್ನಡದವೂ ಇವೆ, ಅದನ್ನು ನೋಡಿಯೇ ವಿದ್ವಾಂಸರು ಅವರ ಮನೆಮಾತು ಕನ್ನಡವಿರಬೇಕು ಎಂದದ್ದು. ಮೊದಮೊದಲಿನ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಮಾಂಡಲಿಕರು. ಠಾಣೆಗೆ ಅಂಟಿಕೊಂಡ ಕಾಡಿನ ಆಚೆ ಮಗ್ಗುಲಿನ ಕಾನ್ಹೇರಿ ಗುಹೆಗಳಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಹೆಸರಿದೆ. 'ಕವಿರಾಜಮಾರ್ಗ'ದ ಕಾಲದ ಅದೇ ನೃಪತುಂಗ. ಅವನ ಅನುಗ್ರಹದಿಂದ ಕೊಂಕಣವನ್ನು ಆಳುತ್ತಿದ್ದವರು ಶಿಲಾಹಾರ ಪುಲ್ಲಶಕ್ತಿ ಮತ್ತು ಅವನ ಮಗ ಕಪರ್ದಿ.

ಆದರೆ ಆ ಶಾಸನಗಳು ಸಂಸ್ಕೃತದಲ್ಲಿವೆ. ಜನರ ಮಾತು ಯಾವುದಾಗಿತ್ತು? ಇದಕ್ಕೆ ಹೊರಗಿನವನೊಬ್ಬನ ಸಾಕ್ಷಿ ಇದೆ. ಕ್ರಿ.ಶ. 916ರ ಸುಮಾರಿಗೆ ಬಗ್ದಾದಿನ ಅಲ್ ಮಸೂದಿ ಈ ಕರಾವಳಿಯ ಚೌಲಕ್ಕೆ ಬಂದಿದ್ದ. ಬಲ್ಹರಾ, ಅಂದರೆ ವಲ್ಲಭರಾಜ, ಇಡೀ ಪ್ರದೇಶದ ದೊರೆ. ಅವನ ರಾಜಧಾನಿ ಮಾನ್ಕೀರಿನವರು, ಅಂದರೆ ಮಾನ್ಯಖೇಟದವರು, ಆಡುವುದು ಕೀರಿಯಾ ಎಂಬ ಭಾಷೆ. ಚೌಲ, ಸೋಪಾರ, ಠಾಣೆ ಮುಂತಾದ ಕಡಲೂರುಗಳಲ್ಲಿ ಆಡುವುದು ಬೇರೆಯೇ, ಲಾರಿಯಾ ಎಂದು ಬರೆದಿಟ್ಟ. ಕೀರಿಯಾ ಎಂದರೆ ಕನ್ನಡ ಎಂದು ಅರ್ಥ ಮಾಡಿದವರಿದ್ದಾರೆ. ಹಾಗಿದ್ದರೆ ಸಾವಿರದ ನೂರು ವರ್ಷಗಳ ಹಿಂದೆಯೂ ಠಾಣೆಯಲ್ಲಿ ಕನ್ನಡ ಅಧಿಕಾರಿಗಳ, ಮೇಲಿನಿಂದ ಬಂದವರ ಮಾತು, ದಡದವರದ್ದಲ್ಲ. ನನಗೆ ಈ ಸಾಕ್ಷಿ ಚಪ್ಪಾಳೆಯ ಮಾತಿಗಿಂತ ಇಷ್ಟ. ಒಡೆತನ ಹೇಳಿಕೊಳ್ಳುವುದಕ್ಕೆ ಇದು ಸಾಲದು, ಅಷ್ಟೇ.

ಕಾನ್ಹೇರಿಯಲ್ಲಿ ನನ್ನ ಮನಸ್ಸು ನಿಂತದ್ದು ರಾಜರ ಹೆಸರಲ್ಲೂ ಅಲ್ಲ. ಶಕ 775ರ ಶಾಸನದಲ್ಲಿ ಅವಿಘ್ನಾಕರ ಎಂಬ ಬೌದ್ಧ ಗೃಹಸ್ಥ ಬರುತ್ತಾನೆ. ಗೌಡದೇಶದವನು, ಅಂದರೆ ಬಂಗಾಳದ ಕಡೆಯವನು. ಭಿಕ್ಷುಗಳಿಗೆ ಧ್ಯಾನದ ಕೋಣೆ ಕಟ್ಟಿಸಿ, ಅವರ ಬಟ್ಟೆಬರೆಗೆಂದು ನೂರು ದ್ರಮ್ಮ ಇಡುಗಂಟು ಇಟ್ಟ. ಸಂಘದ ಕಟ್ಟಡನಿಧಿಗೆ ದುಡ್ಡು ಕೊಟ್ಟು ಕಲ್ಲಿನ ಮೇಲೆ ಹೆಸರು ಹಾಕಿಸುವ ನಮ್ಮ ಹೊಟೇಲು ಶೆಟ್ಟರ ಹಿರೀಕ ಇವನೇ ಅಂತ ನಾನಂದರೆ ಭಾವಮೈದುನ ಬಿದ್ದು ಬಿದ್ದು ನಕ್ಕ.

ಆಮೇಲಿನದು ಎಲ್ಲರಿಗೂ ಗೊತ್ತಿರುವಂಥದ್ದು. ಪೋರ್ಚುಗೀಸರು, 1737ರಲ್ಲಿ ಮರಾಠರು, 1774ರಲ್ಲಿ ಇಂಗ್ಲಿಷರು. ಅವರ ಕೋಟೆ ಇಂದು ಠಾಣೆ ಜೈಲು. 1853ರ ಏಪ್ರಿಲ್ 16ರಂದು ಮೊದಲ ರೈಲು ಠಾಣೆಗೆ ಬಂತು, ಮರುವರ್ಷ ಖಾಡಿ ದಾಟಿ ಕಲ್ಯಾಣಕ್ಕೆ ಹೋಯಿತು. ಬಂದರುಗಳ ಕಥೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ಕೊನೆಯ ಎರಡು ದಿನ ನವೀ ಮುಂಬಯಿ. ಇಲ್ಲಿ ಮೊದಲಿದ್ದವರು ಮೀನಿನ ಕೋಳಿಗಳು ಮತ್ತು ಆಗ್ರಿಗಳು. ಆಗರ ಎಂದರೆ ನಮ್ಮ ಗೋಕರ್ಣದ ಸಾಣಿಕಟ್ಟೆಯಲ್ಲಿ ಇರುವಂಥದ್ದೇ ಉಪ್ಪಿನ ಆಗರ, ಅದರಿಂದಲೇ ಆಗ್ರಿ ಎನ್ನುತ್ತಾರೆ. 1970ರಲ್ಲಿ ಸಿಡ್ಕೋ ಬಂತು, ಗದ್ದೆ, ಆಗರ ಎರಡೂ ಸೆಕ್ಟರುಗಳಾದವು. 1984ರ ಜನವರಿಯಲ್ಲಿ ದಿ.ಬಾ. ಪಾಟೀಲರ ಮುಂದಾಳ್ತನದಲ್ಲಿ ಪರಿಹಾರ ಕೇಳಿದ ರೈತರ ಮೇಲೆ ಗುಂಡು ಹಾರಿ ಐವರು ಸತ್ತರು. ಉಲ್ವೆಯ ಗುಡ್ಡ ಕಡಿದು, ನದಿಯ ದಿಕ್ಕು ತಿರುಗಿಸಿ ಕಟ್ಟಿದ ವಿಮಾನ ನಿಲ್ದಾಣ 2025ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಇಲ್ಲಿ ಮನೆ ಕೊಂಡ ನಾವೂ ಆ ಗದ್ದೆಯ ಮೇಲೆಯೇ ಮಲಗಿ ಏಳುವವರು, ನಮ್ಮದೇ ನೆಲ ಎಂದು ಭಾಷಣ ಮಾಡುವ ಮೊದಲು ಇದೂ ತಿಳಿದಿರಲಿ.

ನೆರೂಳಿನ ಸುಮಾರು 30 ಎಕರೆಯ ಕೆರೆಯೊಂದರಲ್ಲಿ ಭರತ ಏರಿದಾಗ ಖಾಡಿಯ ರಾಜಹಂಸಗಳು ಬಂದು ನಿಲ್ಲುತ್ತವೆ. ಸಮುದ್ರದ ನೀರು ಬರುವ ದಾರಿ ಮುಚ್ಚಿಹೋಗಿ 2024ರ ಬೇಸಿಗೆಯಲ್ಲಿ ಕೆರೆ ಒಣಗಿತು, ಹಕ್ಕಿಗಳೂ ಸತ್ತವು. ಅಕ್ಕಪಕ್ಕದವರು ಬಿಡದೆ ಹೋರಾಡಿದರು. 2025ರಲ್ಲಿ ರಾಜ್ಯದ ವನ್ಯಜೀವಿ ಮಂಡಳಿ ಅದನ್ನು ಸಂರಕ್ಷಿತ ಮೀಸಲು ಮಾಡಲು ಒಪ್ಪಿತು.

ಬರುವವರು ನವೆಂಬರ್ ಕಳೆದ ಮೇಲೆ ಬನ್ನಿ, ಮೇ ಒಳಗೆ. ದೋಣಿ ನೀರಿನ ಲೆಕ್ಕ ನೋಡಿ ಬಿಡುತ್ತಾರೆ, ಗಡಿಯಾರದ ಲೆಕ್ಕ ನಡೆಯುವುದಿಲ್ಲ. ಮೊದಲೇ ವಿಚಾರಿಸಿಕೊಳ್ಳಿ, ತಲೆಗೆ ಟೊಪ್ಪಿ ಇರಲಿ.