ಮನೆಗೂ ಕೊಳವೆಗೂ ನಡುವೆ ಎಪ್ಪತ್ತು ಮೀಟರ್

2005ರ ಜೂನ್ 29ರಂದು ಡಬ್ಲಿನ್‌ನ ಹೈಕೋರ್ಟು ಐವರನ್ನು ಜೈಲಿಗೆ ಕಳಿಸಿತು. ಅವರಲ್ಲಿ ಸಣ್ಣ ರೈತರಿದ್ದರು, ನಿವೃತ್ತ ಮೇಷ್ಟರೊಬ್ಬರಿದ್ದರು. ಗ್ಯಾಸ್ ಪೈಪ್‌ಲೈನಿನ ಕೆಲಸಕ್ಕೆ ಅಡ್ಡಿ ಮಾಡಬಾರದು ಎಂಬ ಆದೇಶವನ್ನು ಪಾಲಿಸುವುದಿಲ್ಲ ಎಂದದ್ದೇ ಅವರ ತಪ್ಪು. ಪಾಲಿಸುತ್ತೇವೆ ಎಂದು ಒಂದು ಮಾತು ಕೊಟ್ಟಿದ್ದರೆ ಮನೆಗೆ ಹೋಗಬಹುದಿತ್ತು. ಅವರು ಕೊಡಲಿಲ್ಲ. 94 ದಿನ ಒಳಗಿದ್ದರು.

ಅವರ ಊರು ಐರ್ಲೆಂಡಿನ ಪಶ್ಚಿಮ ಕರಾವಳಿಯ ಮೇಯೊ ಜಿಲ್ಲೆಯ ರಾಸ್‌ಪೋರ್ಟ್. ಐರಿಷ್ ಭಾಷೆಯ ಸೀಮೆಯಾದ್ದರಿಂದ ಊರಿಗೆ ಆ ಭಾಷೆಯ ಹೆಸರೂ ಇದೆ: ರೋಸ್ ದುವಾಖ್, ಅಂದರೆ ಮರಳ ದಿಬ್ಬದ ಭೂಶಿರ. ಊರಿನ ಪಕ್ಕದಲ್ಲೇ ಸ್ರುವಾಡಾಕನ್ ಎಂಬ ಕಿರಿದಾದ ಅಳಿವೆ. ಸಾಮನ್ ಮೀನು ಹತ್ತಿ ಬರುವ, ಚಳಿಗಾಲಕ್ಕೆ ವಲಸೆ ಹಕ್ಕಿ ಇಳಿಯುವ ಜಾಗ. ಸುತ್ತ ಸಾವಿರಾರು ವರ್ಷ ಸಸ್ಯಗಳು ನೀರಲ್ಲಿ ನೆಂದು ಕೂಡಿದ ಪೀಟ್ ಜೌಗು. ಅಳಿವೆಯೂ ಜೌಗೂ ಯುರೋಪಿನ ಕಾನೂನಿನಡಿ ಸಂರಕ್ಷಿತ.

1996ರಲ್ಲಿ ಕರಾವಳಿಯಿಂದ ಸುಮಾರು 83 ಕಿ.ಮೀ. ಆಚೆ, ಸಮುದ್ರದ ತಳದಲ್ಲಿ ಕೊರಿಬ್ ಅನಿಲ ನಿಕ್ಷೇಪ ಸಿಕ್ಕಿತು. 2002ರಲ್ಲಿ ಯೋಜನೆ ಶೆಲ್ ಕಂಪನಿಯ ಕೈಗೆ ಬಂತು. ಅನಿಲವನ್ನು ಸಮುದ್ರದಲ್ಲೇ ಶುದ್ಧೀಕರಿಸುವ ಬದಲು ಹಸಿಯಾಗಿಯೇ ದಡಕ್ಕೆ ತಂದು, ಅಲ್ಲಿಂದ ಸುಮಾರು 9 ಕಿ.ಮೀ. ಒಳನಾಡಿನ ಬೆಲ್ಲನಬಾಯ್‌ನಲ್ಲಿ ಶುದ್ಧೀಕರಿಸುವುದು ಯೋಜನೆ. ಎಲ್ಲ ಜಗಳವೂ ಆ 9 ಕಿ.ಮೀ. ಮೇಲೆಯೇ.

ಕೊಳವೆಯ ವಿನ್ಯಾಸದ ಒತ್ತಡ 345 ಬಾರ್. ಕಾರಿನ ಚಕ್ರದಲ್ಲಿರುವ ಗಾಳಿಯ ನೂರೈವತ್ತು ಪಟ್ಟು. ಹಸಿ ಅನಿಲಕ್ಕೆ ಅಡುಗೆ ಗ್ಯಾಸಿನಂತೆ ವಾಸನೆ ಬೆರೆಸಿರುವುದಿಲ್ಲ, ಸೋರಿದರೆ ಮೂಗಿಗೆ ತಿಳಿಯದು. ಹತ್ತಿರದ ಮನೆಗೆ ಇದ್ದ ಅಂತರ ಸುಮಾರು 70 ಮೀಟರ್. ನೆಲವೂ ನಂಬುವಂಥದ್ದಲ್ಲ. 2003ರ ಸೆಪ್ಟೆಂಬರ್ 19ರ ರಾತ್ರಿ ಮಳೆಗೆ ಅಳಿವೆಯ ಆಚೆ ದಡದ ಡೂನ್‌ಕಾರ್ಟನ್ ಬೆಟ್ಟದ ಪೀಟ್ ಮಣ್ಣು ಜಾರಿ ಮನೆಗಳ ಮೇಲೆ, ಸ್ಮಶಾನದ ಮೇಲೆ ಬಂದಿತ್ತು. ಇಂಥ ಜೌಗಿನಲ್ಲಿ ಕೊಳವೆ ಅಲುಗದಿರಬೇಕಾದರೆ ಪೀಟ್ ತೆಗೆದು ಕಲ್ಲಿನ ಹಾಸು ಹಾಕಬೇಕು. ಹಾಕಿದರೆ ಜೌಗಿನ ನೀರಿನ ಹರಿವೇ ಬದಲಾದೀತು.

ಊರವರ ಆಕ್ಷೇಪ ಅನಿಲಕ್ಕಲ್ಲ, ಅದು ಬರುವ ದಾರಿಗೆ. ಸಮುದ್ರದಲ್ಲೇ ಶುದ್ಧೀಕರಿಸಿ ತನ್ನಿ ಎಂದರು ಹಲವರು. ಸರ್ಕಾರ ಬದಲಿಗೆ ಜಮೀನಿನ ಕಡ್ಡಾಯ ಸ್ವಾಧೀನದ ಆದೇಶ ಕೊಟ್ಟಿತ್ತು. ಭಾರತದ ಓದುಗರಿಗೆ ಇದು ಅಪರಿಚಿತವಲ್ಲ. ನಮ್ಮ 1962ರ ಪೈಪ್‌ಲೈನ್ ಕಾಯ್ದೆಯಡಿ ಜಮೀನು ರೈತನ ಹೆಸರಲ್ಲೇ ಉಳಿಯುತ್ತದೆ, ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಆ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಆಕ್ಷೇಪಣೆಗೆ 21 ದಿನ.

ಮೇಯೊದಲ್ಲಿ ಜೈಲು ದೇಶದ ಕಣ್ಣು ತೆರೆಸಿತು. ಕಂಪನಿಯೇ ಕೇಳಿಕೊಂಡ ಮೇಲೆ ನ್ಯಾಯಾಲಯ ತಡೆಯಾಜ್ಞೆ ತೆರವು ಮಾಡಿ ಐವರನ್ನು ಬಿಟ್ಟಿತು. 2006ರಲ್ಲಿ ಸರ್ಕಾರ ನೇಮಿಸಿದ ತಜ್ಞರ ವರದಿ, ದಡದ ಮೇಲಿನ ಒತ್ತಡವನ್ನು 144 ಬಾರ್‌ಗೆ ಮಿತಿಗೊಳಿಸಿ ಎಂದಿತು. ಐವರಲ್ಲಿ ಒಬ್ಬರಾದ ವಿಲ್ಲಿ ಕೊರ್ಡಫ್ ಅವರಿಗೆ 2007ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಬಂತು.

ಆದರೂ ಗಂಟು ಬಿಚ್ಚಲಿಲ್ಲ. ಹಕ್ಕಿ, ಮೀನು, ಜೌಗಿಗೆ ಕಾನೂನಿನ ಬೇಲಿ ಇತ್ತು; ಮನುಷ್ಯರ ಮನೆಗೆ ಅಷ್ಟು ಗಟ್ಟಿ ಬೇಲಿ ಇರಲಿಲ್ಲ. ಅಳಿವೆಯನ್ನು ಬಿಟ್ಟು ಬಂದರೆ ಹೊಲ, ಮನೆ. ಮನೆಯನ್ನು ಬಿಟ್ಟು ಹೋದರೆ ಅಳಿವೆ. 2009ರ ನವೆಂಬರ್‌ನಲ್ಲಿ ಯೋಜನಾ ಮಂಡಳಿ ಹೇಳಿದ್ದು ದೊಡ್ಡ ಮಾತು: ದಡದ ಮಾರ್ಗದಲ್ಲಿ ಅರ್ಧದಷ್ಟು, ಮನೆಗಳಿಗೆ ಇರುವ ಅಪಾಯದ ಕಾರಣಕ್ಕೆ ಒಪ್ಪತಕ್ಕದ್ದಲ್ಲ; ಅಳಿವೆಯ ದಾರಿ ನೋಡಿ. ಊರವರು ವರ್ಷಗಳಿಂದ ಹೇಳುತ್ತಿದ್ದ ಮಾತು ಮೊದಲ ಬಾರಿಗೆ ಅಧಿಕೃತ ಕಾಗದದಲ್ಲಿ ಬಂತು.

2011ರ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿದ್ದು ಅಳಿವೆಯ ತಳದಡಿ 4.9 ಕಿ.ಮೀ. ಸುರಂಗಕ್ಕೆ. ದಡದ ಒತ್ತಡ 100 ಬಾರ್, ಮನೆಗಳ ಅಂತರ 200 ಮೀಟರ್‌ಗೂ ಹೆಚ್ಚು. 2013ರಲ್ಲಿ ಆ ಸುರಂಗದಲ್ಲಿ ಒಬ್ಬ ಕಾರ್ಮಿಕ ಸತ್ತ. 2015ರ ಡಿಸೆಂಬರ್ 30ರಂದು ಅನಿಲ ಹರಿಯಿತು.

ಊರವರು ಗೆದ್ದರು ಎನ್ನಲಾಗದು. ಶುದ್ಧೀಕರಣ ಘಟಕ ಬೆಲ್ಲನಬಾಯ್‌ನಲ್ಲೇ ಇದೆ. ಎಡೆಬಿಡದ ಜಗಳದಲ್ಲಿ ಊರಿನೊಳಗೇ ಮಾತು ಬಿಟ್ಟವರಿದ್ದರು. ಸೋತರು ಎಂದರೂ ತಪ್ಪಾದೀತು. ಸಾಧ್ಯವೇ ಇಲ್ಲವೆಂಬಂತಿದ್ದ 345 ಬಾರ್ 100ಕ್ಕೆ ಇಳಿಯಿತು, 70 ಮೀಟರ್ ಮೂರು ಪಟ್ಟಾಯಿತು. ಆ ಲೆಕ್ಕವನ್ನು ಯಾವ ಎಂಜಿನಿಯರೂ ತಾನಾಗಿ ತಿದ್ದಿರಲಿಲ್ಲ. ತಿದ್ದಿಸಲು ಐವರು ಒಂದು ಬೇಸಿಗೆಯನ್ನು ಜೈಲಿನಲ್ಲಿ ಕಳೆಯಬೇಕಾಯಿತು.